ಬುನಾದಿಗಿಂತ ಮೊದಲು ಉತಾರ

ಪ್ರಶ್ನೆ: ನಮ್ಮ ಅವ್ವ ತೀರಿಕೊಂಡು ವರ್ಷವಾಯಿತು. ಕೊನೆಯ ಮೂರು ವರ್ಷ ಅವ್ವನನ್ನು ನೋಡಿಕೊಂಡವಳು ನಮ್ಮೂರಿನದೇ ಹೆಣ್ಣುಮಗಳು. ಗಂಡನಿಲ್ಲ, ಇಬ್ಬರು ಮಕ್ಕಳು, ವಾಸ ತಗಡಿನ ಶೆಡ್ಡಿನಲ್ಲಿ. ನಾವು ಅಣ್ಣ-ತಂಗಿಯರು 5 ಲಕ್ಷ ರೂಪಾಯಿ ಕೂಡಿಸಿದ್ದೇವೆ, ಆಕೆಗೊಂದು ಮನೆ ಕಟ್ಟಿಸಿಕೊಡುವ ಆಸೆ. ಜಾಗ ತೀರಿಹೋದ ಅವಳ ಮಾವನ ಹೆಸರಿನಲ್ಲಿದೆ. ಮೈದುನ 'ಕಟ್ರಿ, ನಂದೇನೂ ತಕರಾರಿಲ್ಲ' ಎನ್ನುತ್ತಾನೆ. ಯುಗಾದಿಗೆ ಪೂಜೆ ಮಾಡಬಹುದೇ? ಬಾಗಿಲ ಮೇಲೆ ಅವ್ವನ ಹೆಸರಿನ ಕಲ್ಲು ಕೂಡಿಸಬಹುದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಯುಗಾದಿಯ ಮಾತು ಸದ್ಯ ಬಿಡು. ಮೈದುನನ ಆ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ನೌಕರಿಯಲ್ಲಿದ್ದಾಗ ನಾವು ನಾಲ್ಕು ಜನ ಎಂಜಿನಿಯರರು ಸಂಬಳದಲ್ಲಿ ಉಳಿಸಿ ಒಬ್ಬ ವಿಧವೆಗೆ ಎರಡು ಖೋಲಿಯ ಮನೆ ಕಟ್ಟಿಸಿದೆವು. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಆಕೆಯ ಭಾವನ ಸಹಿಯನ್ನೂ ಹಾಕಿಸಿಕೊಂಡಿದ್ದೆವು. ಐದು ವರ್ಷಕ್ಕೆ ಭಾವನ ಮಗನ ಲಗ್ನವಾಯಿತು. ಹೊಸ ಜೋಡಿ ಒಳಗೆ, ಆಕೆ ಮಕ್ಕಳೊಂದಿಗೆ ಹಿತ್ತಲ ಚಪ್ಪರಕ್ಕೆ. ನೋಂದಣಿಯಾಗದ ಆ ಕಾಗದ ವಕೀಲರ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ. ನಾವು ಮನೆ ಕಟ್ಟಿಸಿದ್ದು ಭಾವನಿಗೆ.

ಮಾವ ಉಯಿಲು ಬರೆಯದೆ ತೀರಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅತ್ತೆಗೆ, ಮೈದುನನಿಗೆ, ಲಗ್ನವಾಗಿ ಹೋದ ನಾದಿನಿಯರಿಗೆ ಎಲ್ಲರಿಗೂ ಆ ಜಾಗದಲ್ಲಿ ಪಾಲಿದೆ. ನಾದಿನಿಯರನ್ನು ಎಲ್ಲರೂ ಮರೆಯುತ್ತಾರೆ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಅಷ್ಟೂ ಜನರನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ದು ವಾಟ್ನಿ (ಪಾಲು ಹಂಚಿಕೆ) ಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ನೋಂದಾಯಿಸಿ. ಆಮೇಲೆ ಪಂಚಾಯಿತಿಯಲ್ಲಿ ಖಾತೆ ಬದಲಿಸಿ ಇ-ಸ್ವತ್ತಿನ ಉತಾರ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆ, ಆಕೆಯ ಹೆಸರಿಗೆ ಬರಬೇಕು. ಗಂಡನ ಪಾಲಿನಲ್ಲಿ ಮಕ್ಕಳಿಗೂ ಹಕ್ಕಿದೆ, ಅದರಿಂದ ತೊಂದರೆಯಿಲ್ಲ. ಹೀಗೆ ಬಂದ ಆಕೆಯ ಪಾಲಿಗೆ ಆಕೆಯೇ ಪೂರ್ಣ ಒಡತಿ. ನಾಳೆ ಮರುಮದುವೆಯಾದರೂ ಅದು ಕೈಬಿಡುವುದಿಲ್ಲ.

ಉತಾರ ಕೈಗೆ ಬಂದರೆ ಇನ್ನೊಂದು ಬಾಗಿಲೂ ತೆರೆಯುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡು ಬಸವ ವಸತಿ, ದೇವರಾಜ ಅರಸು ವಸತಿ, ಪ್ರಧಾನಮಂತ್ರಿ ಆವಾಸ್ ಯಾವುದರಲ್ಲಿ ಆಕೆಯ ಹೆಸರು ಸೇರೀತು ಎಂದು ವಿಚಾರಿಸಿ. ಅರಸು ಯೋಜನೆಯಲ್ಲಿ ವಿಧವೆಯರಿಗೂ ಜಾಗವಿದೆ. ಆವಾಸ್‌ನಲ್ಲಿ ಬಯಲುಸೀಮೆಯ ಹಳ್ಳಿಗೆ 1.20 ಲಕ್ಷ. ಆದರೆ ಮಂಜೂರಾಗುವ ಮೊದಲೇ ಗುದ್ದಲಿ ಹಾಕಬೇಡಿ, ಖಾಲಿ ಜಾಗದ ಫೋಟೊದಿಂದಲೇ ಅವರ ಲೆಕ್ಕ ಸುರುವಾಗುವುದು. ದುಡ್ಡು ಬರುವುದೂ ಕಂತಿನಲ್ಲಿ: ಕೆಲಸ ಒಂದೊಂದು ಹಂತ ಮುಗಿದಂತೆ ಒಂದಿಷ್ಟು. ಮೊದಲು ಹಾಕಲು ಕೈಯಲ್ಲಿ ಕಾಸಿಲ್ಲದವರ ಮನೆ ಲಿಂಟಲ್ (ಬಾಗಿಲ ಮೇಲಿನ ತೊಲೆ) ಮಟ್ಟಕ್ಕೇ ನಿಂತು ಹುಲ್ಲು ಬೆಳೆಯುತ್ತದೆ. ನಿಮ್ಮೂರಲ್ಲೂ ಒಂದೆರಡು ಇರಬೇಕು, ನೋಡು. ನಿಮ್ಮ 5 ಲಕ್ಷದ ನಿಜವಾದ ಉಪಯೋಗ ಅಲ್ಲಿದೆ.

ಜಾಗ ಎರಿ, ಅಂದರೆ ಕಪ್ಪು, ಮಣ್ಣಿನದಾದರೆ ದುಡ್ಡನ್ನು ನೆಲದೊಳಗೇ ಹಾಕಿ. ಎರಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಗೋಡೆಯೂ ಅದರೊಂದಿಗೇ ಸೀಳುತ್ತದೆ. ಆಳಕ್ಕೆ ತೋಡಿ, ಗರಸು ತುಂಬಿ ಬಡಿದು, ಬುನಾದಿಯ ಮೇಲೆ ಕಾಂಕ್ರೀಟಿನ ಪ್ಲಿಂತ್ ಬೀಮ್ ಹಾಕದೆ ಗೋಡೆ ಎಬ್ಬಿಸಬೇಡಿ. ಟೈಲ್ಸ್ ಆಮೇಲೆ ಆದೀತು.

ನಕಾಶೆ ಹಾಕುವಾಗ ಆಕೆಯನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳಿ. ನಾವು ಅಂದು ಕಡಪಾ ಕಲ್ಲಿನ ಅಡುಗೆಕಟ್ಟೆ ಮಾಡಿಸಿ ಬೀಗಿದ್ದೆವು. ಆ ವಿಧವೆ ನೋಡಿ, "ನಿಂತ್ಕೊಂಡು ರೊಟ್ಟಿ ಬಡಿಯೋದು ಹೆಂಗ್ರೀ ಸಾಹೇಬ್ರ?" ಎಂದಳು. ಆ ಕಟ್ಟೆಯ ಮೇಲೆ ಕೊನೆಯವರೆಗೂ ಇದ್ದದ್ದು ಜೋಳದ ಚೀಲ.

ಕಲ್ಲಿನ ವಿಷಯ. ನಿನಗೆ ಬೇಸರವಾದೀತು, ಆದರೂ ಹೇಳುತ್ತೇನೆ: ಬೇಡ. ಶಾಲೆಯಿಂದ ಬರುವ ಆಕೆಯ ಮಕ್ಕಳು ದಿನಾ ನಿಮ್ಮ ಉಪಕಾರವನ್ನು ಓದಿಕೊಂಡು ಒಳಗೆ ಹೋಗಬೇಕೇ? ನಿಮ್ಮ ಅವ್ವನನ್ನು ಮೂರು ವರ್ಷ ಎತ್ತಿ ಕೂಡಿಸಿದವಳಿಗೆ ಕಲ್ಲಿನ ನೆನಪು ಬೇಕಿಲ್ಲ.

ಕಾಗದಪತ್ರ ಮುಗಿಯುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ, ಎರಿಯಲ್ಲಿ ಆಗ ಬುನಾದಿ ತೋಡಲಾಗದು. ದೀಪಾವಳಿ ದಾಟಿದ ಮೇಲೆ ಸುರು ಮಾಡಿ. ಅಷ್ಟರವರೆಗೆ ಆ ಶೆಡ್ಡಿಗೆ ನಾಲ್ಕು ಹೊಸ ತಗಡು ಹಾಕಿಸಿಕೊಡಿ, ಈ ಮಳೆ ಅಲ್ಲೇ ಕಳೆಯಬೇಕಲ್ಲ.