ಸಂಪಾದಕರ ಉತ್ತರ: ಬೆನ್ನು ತೋರಿಸಿ ನಿಂತವರ ಕೆಲಸ

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಮದ್ರಾಸ್ ಯೂತ್ ಕ್ವಾಯರ್ ಎಂಬ ಸಮೂಹಗಾನದ ತಂಡ ಮತ್ತು ಅದನ್ನು ಕಟ್ಟಿದ ಎಂ.ಬಿ. ಶ್ರೀನಿವಾಸನ್ (ಎಂಬಿಎಸ್) ಬಗ್ಗೆ ಎರಡು ಪುಟ ಹಾಕಿದ್ದೆವಲ್ಲ, ಅದು ಅವರಿಗೆ ಸರಿ ಕಂಡಿಲ್ಲ. ‘ನಮ್ಮದು ಒಬ್ಬರು ಕೂತು ಹಾಡುವ, ಉಳಿದವರು ತಲೆದೂಗುವ ಸಂಗೀತ. ಕ್ವಾಯರ್ ಅನ್ನೋದು ಎಲ್ಲಿಂದಲೋ ಬಂದದ್ದು. ಅದರಲ್ಲೂ ಒಂದು ಸಾಲೂ ಹಾಡದೆ, ಜನರಿಗೆ ಬೆನ್ನು ತೋರಿಸಿ ಕೈ ಬೀಸುತ್ತ ನಿಂತವರ ಫೋಟೋ ಅಷ್ಟು ದೊಡ್ಡದು, ಹಾಡಿದವರ ಮುಖ ಉಗುರಿನಷ್ಟು’ ಅಂತ ಬೈದಿದ್ದಾರೆ. ಬೈದು ಮುಗಿಸಿ, ಕೊನೆಯ ಪುಟದಲ್ಲಿ ಮೆಲ್ಲಗೆ ಇನ್ನೊಂದು ವಿಷಯ ಎತ್ತಿದ್ದಾರೆ. ಅವರ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ಇಪ್ಪತ್ತೆರಡು ಜನರ ಹಾಡಿನ ಗುಂಪು ಮಾಡಿದ್ದಾರಂತೆ. ಅದರಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಶ್ರುತಿ ಬಿಟ್ಟು ಹಾಡಿ ಎಲ್ಲರನ್ನೂ ಹಾದಿ ತಪ್ಪಿಸುತ್ತಾರಂತೆ. ಅವರನ್ನು ನೋಯಿಸದೆ ಬಿಡಿಸುವುದು ಹೇಗೆ ಅಂತ ಪ್ರಶ್ನೆ.

ಮೇಷ್ಟ್ರೇ, ಫೋಟೋ ವಿಷಯದಲ್ಲಿ ತಪ್ಪು ನಮ್ಮದೇ, ಒಪ್ಪಿಕೊಂಡೆ. ಆದರೆ ಒಂದು ಮಾತು. ಮೊದಲ ಮೂರು ಪುಟದಲ್ಲಿ ನೀವು ಬೈದದ್ದು ಯಾರನ್ನೋ, ಆ ಕೆಲಸವನ್ನೇ ನಾಲ್ಕನೇ ಪುಟದಲ್ಲಿ ನೀವು ಮಾಡುತ್ತಿದ್ದೀರಿ. ಇಪ್ಪತ್ತೆರಡು ಜನರ ಮುಂದೆ ನಿಂತು ಯಾರು ಎಲ್ಲಿ ತಪ್ಪುತ್ತಿದ್ದಾರೆ ಅಂತ ಕಿವಿಗೊಟ್ಟು ಕೇಳುತ್ತಿದ್ದೀರಲ್ಲ, ಅದೇ ಆ ಬೆನ್ನು ತೋರಿಸಿ ನಿಂತವರ ಕೆಲಸ.

‘ಎಲ್ಲಿಂದಲೋ ಬಂದದ್ದು’ ಅನ್ನೋದು ಅರ್ಧ ನಿಜ. ಒಟ್ಟಿಗೆ ಹಾಡುವುದು ನಮಗೇನು ಹೊಸದಲ್ಲ. ಸೋಬಾನೆಯಲ್ಲಿ ಇಬ್ಬರು ಸಾಲು ಹೇಳಿದರೆ ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ತತ್ವಪದದಲ್ಲೂ ಹಾಗೆಯೇ, ಏಕತಾರಿ ಹಿಡಿದವರು ಮುಂದೆ, ಸೊಲ್ಲು ಹಿಡಿಯುವವರು ಹಿಂದೆ. ಭಜನೆಯದಂತೂ ಹೇಳುವುದೇ ಬೇಡ. ಆದರೆ ಇಲ್ಲೆಲ್ಲ ಮುಂದಾಳು ತಾನೇ ಹಾಡುತ್ತಾನೆ, ಅವನ ದನಿಗೆ ಉಳಿದವರು ಜೋತುಬೀಳುತ್ತಾರೆ. ಅವನು ಶ್ರುತಿ ಏರಿಸಿದರೆ ಇವರದೂ ಏರಿತು. ಏದುಸಿರು ಬಂದವರು ಸುಮ್ನೆ ತಾಳ ಹಾಕುತ್ತ ಕೂತರು. ಯಾರೂ ಕೇಳುವುದಿಲ್ಲ. ಅದರ ಚೆಂದವೇ ಅದು ಅನ್ನಿ.

ಬೇರೆ ಬೇರೆ ದನಿಗಳಿಗೆ ಬೇರೆ ಬೇರೆ ಸ್ವರ ಹಂಚಿ ಹಾಡಿಸುವ ಕ್ರಮ ಹೊರಗಿನಿಂದ ಬಂತು, ನಿಜ. ಆದರೆ ಬಂದು ತುಂಬಾ ಕಾಲವಾಯಿತು. 1834ರಲ್ಲಿ ಕ್ರೈಸ್ತ ಧರ್ಮಪ್ರಚಾರದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಮಾತು ಕೂರಿಸಿ ಚರ್ಚಿನ ಸಭೆಗಳಲ್ಲಿ ಹಾಡಿಸಿದರು. ನಿಘಂಟಿನ ಕಿಟೆಲ್ ಅದೇ ಮಿಷನ್ನಿನವರು. ಅವರು ತಿರುಗಾಮುರುಗಾ ಮಾಡಿ, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದರು. ಧಾಟಿ ಅವರದು, ಮಾತು ನಮ್ಮದು. ಇಲ್ಲವೇ ಕತೆ ಅವರದು, ಮಟ್ಟು ನಮ್ಮದು. ಈ ಕೊಡುಕೊಳ್ಳುವಿಕೆ ಕರಾವಳಿಯಲ್ಲಿ ಅಷ್ಟು ಹಿಂದೆಯೇ ನಡೆದಿತ್ತು.

ಚರ್ಚಿನ ಹೊರಗೆ ಕ್ವಾಯರ್ ಬಂದದ್ದು ತಡವಾಗಿ. 1950ರ ದಶಕದಲ್ಲಿ ಮುಂಬೈಯಲ್ಲಿ ಸಿನಿಮಾ ಸಂಗೀತ ನಿರ್ದೇಶಕ ಸಲೀಲ್ ಚೌಧರಿ ಒಂದು ಕಟ್ಟಿದರು. ಅಸ್ಸಾಮಿನ ಚಹಾ ತೋಟದಲ್ಲಿ ಅಪ್ಪನ ಪಾಶ್ಚಾತ್ಯ ಸಂಗೀತದ ರೆಕಾರ್ಡ್ ಕೇಳಿ ಬೆಳೆದವರು ಅವರು. 1958ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ, ನಟಿ ರುಮಾ ಗುಹ ಠಾಕುರ್ತಾ ಇನ್ನೊಂದು ಶುರುಮಾಡಿದರು. ಎಂಬಿಎಸ್ ಮದ್ರಾಸಿನಲ್ಲಿ ಕಟ್ಟಿದ್ದು 70ರ ದಶಕದ ಶುರುವಿನಲ್ಲಿ. ಅವರು ಮಲಯಾಳಂ ಸಿನಿಮಾಗಳ ದೊಡ್ಡ ಸಂಗೀತ ನಿರ್ದೇಶಕರು, ಕಮ್ಯುನಿಸ್ಟರು, ಸಿನಿಮಾ ವಾದ್ಯಗಾರರಿಗೆ ಸಂಘ ಕಟ್ಟಿಕೊಟ್ಟವರು. ನನಗೆ ಈ ಕೊನೆಯದ್ದು ಮುಖ್ಯ ಅನಿಸುತ್ತದೆ. ಸ್ಟುಡಿಯೋದಲ್ಲಿ ಕಾಸು ಕೊಟ್ಟು ಒಳ್ಳೇ ಕಂಠ ತರಿಸಬಲ್ಲ ಮನುಷ್ಯ, ಸಂಜೆ ಹೊತ್ತು ಆಫೀಸು ಕಾಲೇಜು ಮುಗಿಸಿ ಬಂದವರಿಗೆ ತಮಿಳು ಕವಿ ಭಾರತಿಯಾರ್ ಪದ್ಯಗಳನ್ನು ಕಲಿಸುತ್ತ ಕೂರುತ್ತಿದ್ದರು. ಹುಡುಕಿದರೆ ಅವರಿಗೆ ಇದಕ್ಕಿಂತ ಚೆನ್ನಾಗಿ ಹಾಡುವವರು ಸಿಗುತ್ತಿರಲಿಲ್ಲವೇ? ಅವರಿಗೆ ಬೇಕಾಗಿದ್ದದ್ದು ಅದಲ್ಲ.

ಇನ್ನು ‘ನಮ್ಮ ರಾಗಗಳು ಗುಂಪಿಗೆ ಒಗ್ಗುವುದಿಲ್ಲ’ ಅಂದಿದ್ದೀರಿ. ಇದರಲ್ಲಿ ನಿಮ್ಮ ಪರ ನಾನು, ಅರ್ಧ. ತೋಡಿ ರಾಗದ ಗಾಂಧಾರ ಸ್ವರವನ್ನು ಇಪ್ಪತ್ತು ಜನರಿಗೆ ಕೊಟ್ಟು ನೋಡಿ, ಇಪ್ಪತ್ತು ಥರ ಅಲುಗಾಡಿಸುತ್ತಾರೆ. ಸ್ವರವನ್ನು ಹೀಗೆ ಅಲುಗಾಡಿಸುವ ಗಮಕ ಒಬ್ಬರ ಗಂಟಲಿನ ಸ್ವತ್ತು. ಆದರೆ ಮೋಹನ, ಹಂಸಧ್ವನಿಯಂಥ ರಾಗಗಳಲ್ಲಿ ಸ್ವರ ನೇರವಾಗಿ ನಿಂತರೂ ರಾಗ ಉಳಿಯುತ್ತದೆ. ಗುಂಪಿಗೆ ಹಾಡು ಕಟ್ಟುವವರು ಇಂಥ ಕಡೆ ಕೈ ಹಾಕುವುದು ಅದಕ್ಕೇ. ಕನ್ನಡದ್ದೊಂದು ಪುಣ್ಯವೂ ಇದೆ. ನಮ್ಮ ಮಾತು ಜಾಸ್ತಿ ಮುಗಿಯುವುದು ಅ, ಇ, ಉ ಥರದ ಸ್ವರಾಕ್ಷರದಲ್ಲಿ. ಇಂಗ್ಲಿಷ್ ಹಾಡಿನಲ್ಲಿ ಸಾಲಿನ ಕೊನೆಗೆ ‘ಸ್’ ಬಂದರೆ ಇಪ್ಪತ್ತು ಜನ ಇಪ್ಪತ್ತು ಸಲ ಬುಸುಗುಟ್ಟುತ್ತಾರೆ, ಅದನ್ನು ಒಟ್ಟಿಗೆ ನಿಲ್ಲಿಸುವುದಕ್ಕೇ ಅಲ್ಲಿ ಆ ಕೈ ಬೇಕು.

ನಮ್ಮಲ್ಲಿ ಕೈ ಬೇಕಾಗುವುದು ಬೇರೆ ಕಡೆ. ಉದಾಹರಣೆಗೆ ಉಸಿರು. ಉದ್ದದ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಆಗುತ್ತದೆ. ಪಕ್ಕದವರು ಹಾಡುತ್ತಿರುವಾಗ ನೀವು ಉಸಿರು ತಗೊಳ್ಳಿ, ನೀವು ಹಾಡುವಾಗ ಅವರು, ಅಂತ ಮೊದಲೇ ಹೇಳಿಕೊಡಬೇಕು. ಆಗ ಇಪ್ಪತ್ತೆರಡು ಜನ ಸೇರಿ, ಯಾವ ಒಬ್ಬ ಮನುಷ್ಯನೂ ಹಾಡಲಾರದಷ್ಟು ಉದ್ದದ ಸಾಲು ಹಾಡಬಹುದು.

ಶ್ರುತಿ ವಿಷಯಕ್ಕೆ ನನ್ನದೇ ಕತೆ ಹೇಳಬೇಕು. ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ನವೆಂಬರ್ ಒಂದಕ್ಕೆ ನಾಡಗೀತೆ. ಮುಂದೆ ನಿಂತವರು ಬಹಳ ಚೆನ್ನಾಗಿ ಹಾಡುತ್ತಿದ್ದ ಸಹೋದ್ಯೋಗಿ, ಅವರ ಶ್ರುತಿ ಐದೂವರೆ ಮನೆ. (ಮನೆ ಅಂದರೆ ಹಾರ್ಮೋನಿಯಂನ ಕೀಲಿ, ಅಂಕೆ ಏರಿದಷ್ಟೂ ಶ್ರುತಿ ಎತ್ತರ.) ಅವರು ಎತ್ತಿಕೊಂಡರು. ಹೆಂಗಸರಿಗೆ ಹಿತವಾಗಿತ್ತು. ಗಂಡಸರಲ್ಲಿ ಅರ್ಧ ಜನ ಬಾವಿಯೊಳಗಿಂದ ಗೊಣಗಿದ ಹಾಗೆ, ಉಳಿದ ಅರ್ಧ ಜನ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ. ಎರಡನೇ ಚರಣಕ್ಕೆ ನಾವೆಲ್ಲ ಬರೀ ಬಾಯಿ ಆಡಿಸುತ್ತಿದ್ದೆವು. ಆಮೇಲೆ ಕಾಫಿ ಕುಡಿಯುವಾಗ ‘ನಮ್ಮ ಗಂಡಸರಿಗೆ ಹಾಡೋಕೇ ಬರಲ್ಲ ಬಿಡಿ’ ಅಂತ ತೀರ್ಪೂ ಆಯಿತು. ಹಾಡೋಕೆ ಬರದೇ ಇದ್ದದ್ದಲ್ಲ. ಸಾಧಾರಣ ಗಂಡಸಿಗೆ ಒಂದರಿಂದ ಒಂದೂವರೆ ಮನೆ ಹಿತ, ಹೆಂಗಸರಿಗೆ ಐದರ ಆಸುಪಾಸು. ಒಬ್ಬರ ಹಿತ ಇನ್ನೊಬ್ಬರ ಗಂಟಲಿಗೆ ಗಾಣ. ಒಳ್ಳೇ ಹಾಡುಗಾರರು ಮುಂದೆ ನಿಂತಾಗ ಆಗುವ ಎಡವಟ್ಟು ಇದೇ, ತಮಗೆ ಎಲ್ಲಿ ಚೆನ್ನಾಗಿ ಬರುತ್ತದೋ ಅಲ್ಲಿಂದ ಶುರು ಮಾಡಿಬಿಡುತ್ತಾರೆ.

ನಾಡಗೀತೆಯ ಧಾಟಿಗೆ ಎಷ್ಟು ವರ್ಷ ಜಗಳ ನಡೆಯಿತು ನೋಡಿ. 2004ರಲ್ಲಿ ನಾಡಗೀತೆ ಅಂತ ಘೋಷಣೆಯಾಯಿತು, ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಅಂತ ಸರ್ಕಾರ ಪಕ್ಕಾ ಮಾಡಿದ್ದು 2022ರಲ್ಲಿ. ಅನಂತಸ್ವಾಮಿ ದೊಡ್ಡವರೋ, ಇನ್ನೊಂದು ಧಾಟಿ ಕಟ್ಟಿದ್ದ ಸಿ. ಅಶ್ವತ್ಥ್ ದೊಡ್ಡವರೋ ಅನ್ನೋ ಹಾಗೆ ಮಾತಾಡಿದವರೇ ಜಾಸ್ತಿ. ಶಾಲೆ ಅಂಗಳದಲ್ಲಿ ಐನೂರು ಮಕ್ಕಳಿಗೆ ಯಾವುದು ಸಲೀಸು, ಯಾವ ಮನೆಯಿಂದ ಎತ್ತಿಕೊಳ್ಳಬೇಕು ಅಂತ ಕೇಳಿದವರನ್ನು ನಾನಂತೂ ಕಾಣೆ. ನನಗೆ ಕೇಳಿದರೆ ಆಗ ಬೇಕಿದ್ದದ್ದು ಆ ಪ್ರಶ್ನೆ.

ಈಗ ನಿಮ್ಮ ಹಿರಿಯರ ವಿಷಯ. ಬಿಡಿಸಬೇಡಿ ಮೇಷ್ಟ್ರೇ. ಸ್ವರವೇ ತಿಳಿಯದ ಕಿವಿ ಇರುವವರು ತೀರಾ ಕಡಿಮೆ. ಎಪ್ಪತ್ತರ ಗಂಟಲಿಗೆ ಮೊದಲಿನ ಎತ್ತರ ಸಿಗುವುದಿಲ್ಲ, ಅವರಿಗೆ ಅದು ಗೊತ್ತಿರುವುದಿಲ್ಲ, ಅಥವಾ ಗೊತ್ತಿದ್ದೂ ಒಪ್ಪಿರುವುದಿಲ್ಲ. ಒಂದು ಸಂಜೆ ಉಳಿದವರು ಬರುವ ಮುಂಚೆ ಅವರನ್ನು ಕರೆಸಿ. ನಿಮ್ಮ ಸ್ವರಕ್ಕೆ ಅವರು ಸೇರಲಿ ಅಂತ ಕಾಯಬೇಡಿ. ಅವರು ಸಲೀಸಾಗಿ ‘ಆ’ ಅನ್ನಲಿ, ಆ ಸ್ವರಕ್ಕೆ ನೀವು ಹೋಗಿ ಸೇರಿ. ಇಬ್ಬರ ದನಿ ಒಂದಾದಾಗ ಹೇಗೆ ಕೇಳುತ್ತದೆ ಅಂತ ಅವರ ಕಿವಿಗೆ ಗೊತ್ತಾಗಬೇಕು, ಬಹುಶಃ ಎಷ್ಟೋ ವರ್ಷದಲ್ಲಿ ಮೊದಲ ಸಲ. ಅಲ್ಲಿಂದ ಅರ್ಧರ್ಧ ಮನೆ ಮೇಲೆ ಕರೆದುಕೊಂಡು ಹೋಗಿ, ಎಲ್ಲಿ ಕತ್ತಿನ ನರ ಉಬ್ಬುತ್ತದೋ ಅಲ್ಲಿ ನಿಲ್ಲಿಸಿ. ಗುಂಪಿನಲ್ಲಿ ಅವರನ್ನು ತುದಿಗೆ ನಿಲ್ಲಿಸಬೇಡಿ, ಗಟ್ಟಿ ದನಿಯ ಇಬ್ಬರ ನಡುವೆ, ಅರ್ಧ ಹೆಜ್ಜೆ ಮುಂದೆ ನಿಲ್ಲಿಸಿ. ಹಿಂದಿನಿಂದ ಸರಿಯಾದ ಸ್ವರ ಕಿವಿಗೆ ಬೀಳುತ್ತಿರುತ್ತದೆ. ಹಾಡು ತಾರಕ್ಕೆ, ಅಂದರೆ ಮೇಲಿನ ಸ್ಥಾಯಿಗೆ ಹೋಗುವ ಕಡೆ ಗಂಡಸರಿಗೆಲ್ಲ ಕೆಳಗಿನ ಸ್ವರದಲ್ಲಿ ಒಂದು ಸರಳ ಸಾಲು ಕೊಡಿ, ಬರೀ ಷಡ್ಜ (‘ಸ’) ಹಿಡಿದು ನಿಂತರೂ ಆಯಿತು. ಅವರೊಬ್ಬರಿಗೇ ರಿಯಾಯಿತಿ ಕೊಟ್ಟ ಹಾಗೂ ಕಾಣುವುದಿಲ್ಲ.

ಶ್ರುತಿ ಆರಿಸುವ ಮೊದಲು ಹಾಡಿನ ತೀರಾ ಮೇಲಿನ ಸ್ವರ ಯಾವುದು ಅಂತ ನೋಡಿಕೊಳ್ಳಿ, ಪಲ್ಲವಿ ನೋಡಿ ಮೋಸಹೋಗಬೇಡಿ. ಆ ಸ್ವರ ನಿಮ್ಮ ಗುಂಪಿನ ಸಾಧಾರಣ ಗಂಟಲಿಗೆ ಸಿಕ್ಕರೆ ಸಾಕು, ಅಲ್ಲಿಂದ ಕೆಳಗೆ ಎಣಿಸಿ ಮನೆ ಹಿಡಿಯಿರಿ. ಹಾರ್ಮೋನಿಯಂ ನುಡಿಸುವ ಹುಡುಗ ಕಪ್ಪು ಮನೆ ಕಷ್ಟ ಅಂದರೆ ಬಗ್ಗಬೇಡಿ.

ನವೆಂಬರ್ ಕಳೆದ ಮೇಲೆ ಯಾವ ಮನೆ ಹಿಡಿದಿರಿ ಅಂತ ಒಂದು ಕಾರ್ಡು ಹಾಕಿ. ಜೊತೆಗೆ ಒಂದು ಫೋಟೋ ಕಳಿಸಿ, ನಿಮ್ಮ ಬೆನ್ನು ಕಾಣುವಂಥದ್ದು. ಈ ಸಲ ಉಗುರಿನಷ್ಟೇ ಹಾಕುತ್ತೇವೆ.