ಅಳಿಸುವ ಹಾಡು, ಅಳದ ಗಂಟಲು

ಓದುಗರ ಪ್ರಶ್ನೆ, ರಂಗಸಂಗೀತ ಬಲ್ಲವರ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಂಗೀತ ನಾಟಕಗಳ ಶೋಕದ ಹಾಡುಗಳ ಬಗ್ಗೆಯೇ ಇವೆ. ಅವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಲಂಡನ್ನಿನಲ್ಲಿ ‘ಲೆ ಮಿಸರಾಬ್ಲ್’ ನೋಡಿದಾಗ, ಸತ್ತ ಗೆಳೆಯರನ್ನು ನೆನೆದು ಮಾರಿಯುಸ್ ಹಾಡುವ ಹಾಡಿಗೆ ಕಣ್ಣೀರು ತಡೆಯಲಾಗಲಿಲ್ಲ. ಊರಿಗೆ ಬಂದು ಅದನ್ನೇ ಮೊಬೈಲಿನಲ್ಲಿ ಕೇಳಿದರೆ ‘ಚೆನ್ನಾಗಿದೆ’ ಅನ್ನಿಸುತ್ತದೆ, ಅಷ್ಟೆ. ಯಾಕೆ ಹೀಗೆ? (ಮೈಸೂರಿನ ಓದುಗರು)

ಉತ್ತರ: ಆ ಹಾಡಿನ ಅರ್ಧ ಕೆಲಸ ಅದು ಶುರುವಾಗುವ ಮೊದಲೇ ಮುಗಿದಿರುತ್ತದೆ. 1832ರ ಪ್ಯಾರಿಸ್ ದಂಗೆಗೆ ಹೊರಟ ಆ ವಿದ್ಯಾರ್ಥಿಗಳನ್ನು ನೀವು ಮೊದಲ ಅಂಕದಲ್ಲೇ ಕಾಫಿ ಅಂಗಡಿಯಲ್ಲಿ ನೋಡಿರುತ್ತೀರಿ. ಪ್ರೀತಿಗೆ ಬಿದ್ದ ಮಾರಿಯುಸ್‌ನನ್ನು ಗೇಲಿ ಮಾಡುತ್ತ ಮೇಜಿನ ಸುತ್ತ ಕೂತವರು ಅವರು. ಸಾಯುವ ಹಿಂದಿನ ರಾತ್ರಿ ಕುಡಿಯುತ್ತ ಹಾಡುವುದನ್ನೂ ಕೇಳಿರುತ್ತೀರಿ. ಹಾಗಾಗಿ ಮಾರಿಯುಸ್‌ನ ಹಾಡಿನಲ್ಲಿ ಖಾಲಿ ಕುರ್ಚಿ ಎಂಬ ಮಾತು ಬಂದಾಗ ಅದರಲ್ಲಿ ಯಾರು ಕೂತಿದ್ದರು ಅಂತ ನಿಮಗೆ ಗೊತ್ತಿರುತ್ತದೆ. ಮೊಬೈಲಿನ ಮೂರು ನಿಮಿಷದಲ್ಲಿ ಆ ಗುರುತು ಎಲ್ಲಿಂದ ಬರಬೇಕು?

ಇದರ ಜೊತೆಗೆ ಧಾಟಿಯ ಕೈಚಳಕವೂ ಇದೆ. ಸಂಗೀತ ಕೊಟ್ಟ ಕ್ಲೋಡ್ ಮಿಷೆಲ್ ಶೋನ್‌ಬರ್ಗ್ ಈ ಧಾಟಿಯನ್ನು ನಾಟಕದ ಆರಂಭದಲ್ಲೇ ಒಮ್ಮೆ ಬಿತ್ತಿದ್ದಾರೆ. ಜೈಲಿನಿಂದ ಬಂದ ಕಥಾನಾಯಕ ವಾಲ್ಜಾನ್‌ನನ್ನು ಯಾರೂ ಒಳಗೆ ಬಿಟ್ಟುಕೊಳ್ಳದಿದ್ದಾಗ ಬಿಷಪ್ ಕರೆದು ಊಟ, ಹಾಸಿಗೆ ಕೊಡುವುದು ಇದೇ ಧಾಟಿಯಲ್ಲಿ. ಎರಡು ಗಂಟೆಯ ಮೇಲೆ ಅದು ಎಲ್ಲರನ್ನೂ ಕಳೆದುಕೊಂಡವನ ಬಾಯಲ್ಲಿ ಮತ್ತೆ ಬರುತ್ತದೆ. ಎಲ್ಲಿ ಕೇಳಿದ್ದೆವು ಎಂಬುದು ಬಹುತೇಕರಿಗೆ ಹೊಳೆಯುವುದಿಲ್ಲ. ಆದರೆ ಕಿವಿ ಮರೆತಿರುವುದಿಲ್ಲ.

1996ರ ‘ರೆಂಟ್’ ನಾಟಕದಲ್ಲಿ ಇದೇ ತಂತ್ರ ಕಣ್ಣಿಗೆ ಕಾಣುವಂತೆ ಇದೆ. ಮೊದಲ ಅಂಕದಲ್ಲಿ ಕಾಲಿನ್ಸ್ ಮತ್ತು ಏಂಜೆಲ್ ಕುಣಿದು ಹಾಡಿದ ಪ್ರೇಮಗೀತೆಯನ್ನೇ, ಏಂಜೆಲ್ ಏಡ್ಸ್‌ನಿಂದ ಸತ್ತ ಮೇಲೆ ಕಾಲಿನ್ಸ್ ಒಬ್ಬನೇ ನಿಧಾನಕ್ಕೆ ಹಾಡುತ್ತಾನೆ. ಹೊಸ ಧಾಟಿಯೇ ಬೇಕಾಗಲಿಲ್ಲ. ಸ್ವಂತ ನಾಟಕ ಕಟ್ಟುವವರು ಇದನ್ನು ಗುರುತು ಹಾಕಿಕೊಳ್ಳಿ: ಶೋಕಕ್ಕೆ ಬಳಸುವ ಧಾಟಿಯನ್ನು ಅರ್ಧ ಗಂಟೆಗೂ ಮೊದಲೇ ಒಂದು ಸಂತೋಷದ ದೃಶ್ಯದಲ್ಲಿ ಪೂರ್ತಿ ಕೇಳಿಸಿ. ನಿಮಿಷಕ್ಕೆ 110–120 ಪೆಟ್ಟಿನಲ್ಲಿದ್ದ ಹಾಡು ಶೋಕದಲ್ಲಿ 60–66ಕ್ಕೆ ಇಳಿಯಲಿ. 50ಕ್ಕಿಂತ ಕೆಳಗೆ ಹೋದರೆ ಸಾಲಿನ ನಡುವೆ ಗಾಯಕರ ಉಸಿರು ಮುಗಿಯುತ್ತದೆ, ಕೇಳುವವರಿಗೆ ವಾಕ್ಯದ ತುದಿ ಸಿಗುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಹೋಗಿ ಅಳುವುದು ಹುಚ್ಚಲ್ಲವೇ? (ಕಾರ್ಕಳದ ಓದುಗರು)

ಉತ್ತರ: ಹಾಗಾದರೆ ಹರಿಶ್ಚಂದ್ರ ನಾಟಕದ ಸ್ಮಶಾನದ ದೃಶ್ಯಕ್ಕೆ ಸೆರಗು ಕಣ್ಣಿಗೊತ್ತಿಕೊಂಡವರೆಲ್ಲ ಹುಚ್ಚರಾಗಬೇಕಾಯಿತು! ನಾಟ್ಯಶಾಸ್ತ್ರವು ಶೋಕವನ್ನು ಸ್ಥಾಯಿಭಾವವೆಂದೂ ಕರುಣವನ್ನು ರಸವೆಂದೂ ಬೇರೆ ಮಾಡಿ ಇಟ್ಟಿದೆ. ಮನೆಯಲ್ಲಿ ಸಾವಾದಾಗ ಇರುವುದು ಶೋಕ. ರಂಗದ ಎದುರು ಕೂತಾಗ ನಮ್ಮ ಮೈಮೇಲೆ ಏನೂ ಬಂದಿಲ್ಲವೆಂಬ ಭದ್ರತೆಯಲ್ಲಿ ಸವಿಯುವುದು ಕರುಣ. 2014ರಲ್ಲಿ ಟಾರುಫಿ ಮತ್ತು ಕೋಲ್ಷ್ ಎಂಬ ಸಂಶೋಧಕರು 772 ಮಂದಿಯನ್ನು ಕೇಳಿ ನೋಡಿದಾಗ, ದುಃಖದ ಸಂಗೀತ ಹೆಚ್ಚಾಗಿ ಹುಟ್ಟಿಸುವುದು ಬರಿಯ ದುಃಖವನ್ನಲ್ಲ, ಹಳೆಯದರ ಹಂಬಲವನ್ನು ಎಂಬ ಉತ್ತರವೇ ಮುಂದೆ ಬಂತು.

ಪ್ರಶ್ನೆ: ‘ಹ್ಯಾಮಿಲ್ಟನ್’ನಲ್ಲಿ ಮಗ ಸತ್ತ ನಂತರದ ಹಾಡಿನಲ್ಲಿ ತಾಯಿ ಎಲೈಜಾ ಹಾಡುವುದೇ ಇಲ್ಲ. ದುಃಖ ಅವಳದು, ಹಾಡು ಬೇರೆಯವರದು. ಇದು ದೋಷವಲ್ಲವೇ? (ನ್ಯೂಜೆರ್ಸಿಯ ಓದುಗರು)

ಉತ್ತರ: ಆ ಹಾಡಿನ ಬಲ ಇರುವುದೇ ಅಲ್ಲಿ. ಅಮೆರಿಕವನ್ನು ಕಟ್ಟಿದವರಲ್ಲೊಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಮಗ, ಹತ್ತೊಂಬತ್ತರ ಹುಡುಗ ಫಿಲಿಪ್ 1801ರಲ್ಲಿ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಸತ್ತದ್ದು ಇತಿಹಾಸ. ಆ ದ್ವಂದ್ವಯುದ್ಧ ನಿಮ್ಮ ರಾಜ್ಯದ ನೆಲದಲ್ಲೇ ನಡೆದದ್ದು. ನಾಟಕದಲ್ಲಿ ಅವನು ಚಿಕ್ಕವನಿದ್ದಾಗ ತಾಯಿ ಪಿಯಾನೊ ಎದುರು ಕೂರಿಸಿ ಫ್ರೆಂಚ್‌ನಲ್ಲಿ ಒಂದರಿಂದ ಒಂಬತ್ತು ಎಣಿಸಲು ಕಲಿಸುತ್ತಾಳೆ. ಸಾಯುವಾಗ ಇಬ್ಬರೂ ಅದನ್ನೇ ಎಣಿಸುತ್ತಾರೆ. ನಡುವೆ ಮಗನ ದನಿ ನಿಲ್ಲುತ್ತದೆ, ತಾಯಿಯದು ಮುಂದಕ್ಕೆ ಹೋಗುತ್ತದೆ. ಅಷ್ಟಾದ ಮೇಲೆ ಅವಳ ಬಾಯಿಗೆ ಹಾಡು ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಮಾತು ಮುಟ್ಟದ ಗಳಿಗೆಗಳಿವೆ ಎನ್ನುವುದೇ ಆ ಹಾಡಿನ ತಿರುಳು. ಹಾಗಾಗಿ ಅಕ್ಕ ಏಂಜೆಲಿಕಾ ಮತ್ತು ಮೇಳದವರು ಹೇಳುತ್ತಾರೆ, ಗಂಡ ಅಂಗಲಾಚುತ್ತಾನೆ, ಎಲೈಜಾ ಬಾಯಿ ತೆರೆಯುವುದು ಕೊನೆಗೆ ಒಂದೇ ಒಂದು ಸಾಲಿಗೆ. ಆ ಪುಟ್ಟ ಸಾಲು ಬೀಳುವ ಭಾರ ಮೂರು ಚರಣಕ್ಕೂ ಬರುತ್ತಿರಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಅಲ್ಲಿ ಶೋಕದ ಪದ್ಯ ಭಾಗವತರದು, ಮೈ ಪಾತ್ರಧಾರಿಯದು. ಗಂಟಲನ್ನೂ ಮೈಯನ್ನೂ ಬೇರೆ ಮಾಡಿದ್ದರಿಂದಲೇ ಪಾತ್ರಧಾರಿ ನಿಜಕ್ಕೂ ಕಣ್ಣೀರಿಡಬಹುದು, ಪದ್ಯ ಶ್ರುತಿ ಬಿಡುವುದಿಲ್ಲ. ನಿಮ್ಮ ತಂಡದಲ್ಲಿ ಚೆನ್ನಾಗಿ ನಟಿಸುವವರಿಗೆ ಹಾಡು ಬಾರದಿದ್ದರೆ ಈ ಏರ್ಪಾಡು ಮಾಡಿಕೊಳ್ಳಿ. ಹಾಡುವವರು ರಂಗದ ಮೇಲೇ, ಕಾಣುವಂತೆ ಇರಲಿ. ಪರದೆಯ ಹಿಂದಿಟ್ಟರೆ ಅದು ಸಿನಿಮಾ ಪ್ಲೇಬ್ಯಾಕ್ ಆಗಿಬಿಡುತ್ತದೆ.

ಪ್ರಶ್ನೆ: ನಮ್ಮ ಕಾಲೇಜು ನಾಟಕದಲ್ಲಿ ತಾಯಿಯ ಪಾತ್ರದ ಹುಡುಗಿ ಶೋಕಗೀತೆಯ ಎರಡನೇ ಚರಣಕ್ಕೆ ನಿಜವಾಗಿ ಅತ್ತುಬಿಡುತ್ತಾಳೆ. ದನಿ ಒಡೆಯುತ್ತದೆ, ಪ್ರೇಕ್ಷಕರು ಅಳುವ ಬದಲು ಮುಜುಗರಪಡುತ್ತಾರೆ. ‘ಲೆ ಮಿಸರಾಬ್ಲ್’ ಸಿನಿಮಾದಲ್ಲಿ ನಟಿ ಅಳುತ್ತಲೇ ಹಾಡಿದಳಲ್ಲ? (ಹುಬ್ಬಳ್ಳಿಯ ಓದುಗರು)

ಉತ್ತರ: 2012ರ ಆ ಸಿನಿಮಾದಲ್ಲಿ ನಟರು ಸೆಟ್ಟಿನಲ್ಲೇ ಹಾಡಿದರು. ಪಿಯಾನೊ ಕಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಿತ್ತು, ವಾದ್ಯಮೇಳವನ್ನು ಆಮೇಲೆ ಕೂಡಿಸಿದರು. ಕ್ಯಾಮೆರಾ ಮುಖಕ್ಕೆ ಅಂಟಿಕೊಂಡಿತ್ತು, ಪಿಸುಮಾತೂ ದಾಖಲಾಗುತ್ತಿತ್ತು. ನಿಮ್ಮ ಸಭಾಂಗಣದ ಹದಿನೈದನೇ ಸಾಲಿಗೆ ಆ ಮುಖ ಕಾಣುವುದಿಲ್ಲ, ಒಡೆದ ದನಿ ಮಾತ್ರ ಕೇಳುತ್ತದೆ. ಆಗ ಅವರ ಚಿಂತೆ ಪಾತ್ರದಿಂದ ಹುಡುಗಿಯತ್ತ ಜಾರುತ್ತದೆ: ‘ಪಾಪ, ಮುಗಿಸುತ್ತಾಳೋ ಇಲ್ಲವೋ!’

ಅಳು ಬಂದಾಗ ಆಗುವುದೇನು? ಧ್ವನಿಪೆಟ್ಟಿಗೆ ಮೇಲಕ್ಕೇರುತ್ತದೆ, ಗಂಟಲು ಕಟ್ಟಿದ ಹಾಗಾಗುತ್ತದೆ, ಮೂಗು ತುಂಬುತ್ತದೆ, ಉಸಿರು ತುಂಡುತುಂಡಾಗುತ್ತದೆ. ಉದ್ದ ಸ್ವರ ಹಿಡಿಯಲು ಬೇಕಾದದ್ದು ಇದರ ತದ್ವಿರುದ್ಧ. ಆದ್ದರಿಂದ ‘ಅಳಬೇಡ’ ಎಂದು ಗದರಿ ಪ್ರಯೋಜನವಿಲ್ಲ. ಗದರಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ.

ಅಳುವುದನ್ನು ತಾಲೀಮಿನಲ್ಲೇ ಅತ್ತು ಮುಗಿಸುವಂತೆ ದಾರಿ ಮಾಡಿ. ಮೊದಲ ಮೂರ್ನಾಲ್ಕು ದಿನ ಧಾಟಿ ಬೇಡ. ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಸಾಹಿತ್ಯವನ್ನು ಮಾತಿನಲ್ಲಿ ಹೇಳಿಸಿ. ಅಳು ಬಂದರೆ ಬರಲಿ. ಆಮೇಲೆ ಎರಡು ದಿನ ಸಾಹಿತ್ಯವಿಲ್ಲದೆ ಬರೀ ‘ಆ’ ಎಂದು ಧಾಟಿ ಮಾತ್ರ. ಎರಡನ್ನೂ ಕೂಡಿಸುವುದು ಅದಾದ ಮೇಲೆ. ಆಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಡೆಯುವುದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಹೆಸರು ಹಿಡಿದು ಕರೆಯುವ ಸಾಲು, ಇಲ್ಲವೇ ಪುಟ್ಟ ದಿನನಿತ್ಯದ ವಸ್ತುವಿನ ಸಾಲು. ಅಲ್ಲಿ ಕೈಗೊಂದು ಕೆಲಸ ಕೊಡಿ: ಮಗನ ಅಂಗಿ ಮಡಿಸುವುದು, ತಟ್ಟೆ ಒರೆಸುವುದು. ಗಮನ ಕೈಗೆ ಹೋದರೆ ಗಂಟಲು ಸಡಿಲವಾಗುತ್ತದೆ. ಪ್ರೇಕ್ಷಕರ ಹೊಟ್ಟೆ ಕಿವಿಚುವುದೂ ಆ ಮಡಿಸಿದ ಅಂಗಿಯೇ. ಆ ಸಾಲಿಗೆ ಮುಂಚೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಹೊಸದಾಗಿ ಎಳೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಶ್ರುತಿಯನ್ನೂ ಇಳಿಸಿ. ಹಾರ್ಮೋನಿಯಂನ ಐದೂವರೆ ಮನೆಯ ಶ್ರುತಿಯಲ್ಲಿ ಹಾಡುವವಳಾದರೆ ಐದಕ್ಕೆ, ಅದೂ ಕಷ್ಟವಾದರೆ ನಾಲ್ಕೂವರೆಗೆ. ನಾಲ್ಕಕ್ಕೆ ಇಳಿದರೆ ಕೆಳಗಿನ ಸ್ವರಗಳು ಗಾಳಿಯಾಗಿಬಿಡುತ್ತವೆ.

ಇಷ್ಟಾದರೂ ಒಡೆಯಬಹುದು. ಅದನ್ನೂ ತಾಲೀಮು ಮಾಡಿ. ಅವಳು ನಿಂತರೆ ಹಾರ್ಮೋನಿಯಂನವರು ಷಡ್ಜವನ್ನು ನಾಲ್ಕು ಪೆಟ್ಟು ಹಿಡಿದು, ಆ ಸಾಲನ್ನು ತಾವೇ ನುಡಿಸಲಿ, ಮುಂದಿನ ಸಾಲಿಗೆ ಅವಳು ಸೇರಿಕೊಳ್ಳಲಿ. ಮೊದಲೇ ಮಾತಾಗಿದ್ದರೆ ನೋಡುವವರಿಗೆ ಅದು ನಿರ್ದೇಶಕರ ಜಾಣ್ಮೆಯ ಹಾಗೆ ಕಾಣುತ್ತದೆ.

ಮೈಕಿನ ಮಾತು: ಕೆನ್ನೆಯ ಮೈಕಿಗೆ ಕಣ್ಣೀರು ಇಳಿದರೆ ದನಿ ಮಂಕಾಗುತ್ತದೆ, ಮೂಗೆಳೆಯುವ ಸದ್ದೂ ದೊಡ್ಡದಾಗುತ್ತದೆ. ಹಣೆಯ ಮೇಲೆ ಕೂದಲಂಚಿಗೆ ಅಂಟಿಸಿ. ಸೌಂಡ್‌ನವರು ಶೋಕ ಎಂದೊಡನೆ ಎಕೋ ಗುಂಡಿ ತಿರುಗಿಸುವ ಚಟದವರು. ದಯವಿಟ್ಟು ಅವರ ಕೈ ಹಿಡಿಯಿರಿ. ಎಕೋದಲ್ಲಿ ಮೊದಲು ಸಾಯುವುದು ಮಾತು.

ಪ್ರಶ್ನೆ: ಶೋಕಕ್ಕೆ ಮುಖಾರಿ, ಶಿವರಂಜಿನಿ ರಾಗಗಳನ್ನು ಬಿಟ್ಟರೆ ದಾರಿಯಿಲ್ಲವೇ? ಪಾಶ್ಚಾತ್ಯರದೂ ಎಲ್ಲ ಮೈನರ್ (ದುಃಖದ್ದೆಂದು ಹೇಳುವ ಸ್ವರಶ್ರೇಣಿ) ಅಲ್ಲವೇ? (ಶಿವಮೊಗ್ಗದ ಓದುಗರು)

ಉತ್ತರ: ಅಲ್ಲ. 1945ರ ‘ಕರೌಸಲ್’ನಲ್ಲಿ ಗಂಡನನ್ನು ಕಳೆದುಕೊಂಡ ಜೂಲಿಗೆ ನೆಟ್ಟಿ ಹಾಡುವ ಸಾಂತ್ವನದ ಹಾಡು ಮೇಜರ್‌ನಲ್ಲಿದೆ, ಎಂದರೆ ಸಂತೋಷದ್ದೆಂದು ಹೇಳುವ ಶ್ರೇಣಿಯಲ್ಲಿ. ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಸಾವಿರಗಟ್ಟಲೆ ಸೇರಿ ಹಾಡುವುದು ಅದನ್ನೇ. ಮೇಲಿನ ಮಾರಿಯುಸ್‌ನ ಹಾಡು ಮೈನರ್. ಎರಡಕ್ಕೂ ಜನ ಅಳುತ್ತಾರೆ.

ರಾಗಕ್ಕಿಂತ ಹೆಚ್ಚು ಕೆಲಸ ಮಾಡುವುದು ಸ್ವರದ ಒಂದು ಪುಟ್ಟ ನಡೆ. ಸಂಗೀತದ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ 1991ರಲ್ಲಿ 83 ಕೇಳುಗರಿಂದ ತಮಗೆ ಅಳು ಬರಿಸುವ ಸಂಗೀತದ ಜಾಗಗಳನ್ನು ಗುರುತಿಸಿ ತರಿಸಿಕೊಂಡರು. ಕಣ್ಣೀರಿನ ಜಾಗಗಳಲ್ಲಿ ಹೆಚ್ಚಾಗಿ ಕಂಡದ್ದು ಬರಬೇಕಾದ ಸ್ವರಕ್ಕೆ ಬದಲು ಅದರ ನೆರೆಯ ಸ್ವರ ಪೆಟ್ಟಿನ ಮೇಲೆ ಬಿದ್ದು, ತಡೆದು, ಆಮೇಲೆ ಇಳಿಯುವ ನಡೆ. ಹಾರ್ಮೋನಿಯಂನಲ್ಲಿ ಮಾಡಿ ನೋಡಿ: ಪಂಚಮ ಬರಬೇಕಾದಲ್ಲಿ ಶುದ್ಧ ಧೈವತ ಒತ್ತಿ, ಒಂದು ಪೆಟ್ಟು ಹಿಡಿದು, ಪಂಚಮಕ್ಕೆ ಇಳಿಯಿರಿ. ಗೊತ್ತಾಗುತ್ತದೆ. ಒಂದು ಚರಣದಲ್ಲಿ ಎರಡು ಸಲ ಸಾಕು. ಸಾಲುಸಾಲಿಗೂ ಬಂದರೆ ಕೇಳುವವರು ಅದನ್ನೇ ಕಾಯಲು ಶುರುಮಾಡುತ್ತಾರೆ, ಅಳು ಹಾರಿಹೋಗುತ್ತದೆ.

ಪ್ರಶ್ನೆ: ಕನ್ನಡ ಕೂಟಕ್ಕಾಗಿ ಬ್ರಾಡ್‌ವೇಯ ಶೋಕಗೀತೆಯೊಂದನ್ನು ಕನ್ನಡಕ್ಕೆ ತಂದಿದ್ದೇವೆ. ಅರ್ಥ ಸರಿಯಾಗಿದೆ, ಹಾಡಿದರೆ ಮಾತ್ರ ಪಾಠ ಓದಿದ ಹಾಗಿದೆ. (ಕ್ಯಾಲಿಫೋರ್ನಿಯಾದ ಓದುಗರು)

ಉತ್ತರ: ಮೊದಲು ಹಕ್ಕುದಾರರಿಂದ ಅನುಮತಿ ತೆಗೆದುಕೊಳ್ಳಿ. ಅನುವಾದಕ್ಕೆ ಅದು ಪ್ರತ್ಯೇಕವಾಗಿ ಬೇಕು.

ಇನ್ನು ಹಾಡು. ಎತ್ತರದ, ಉದ್ದದ ಸ್ವರಗಳ ಕೆಳಗೆ ನೀವು ಯಾವ ಅಕ್ಷರ ಇಟ್ಟಿದ್ದೀರಿ ನೋಡಿ. ಅಲ್ಲಿ ಆ, ಓ, ಏ ಇದ್ದರೆ ಬಾಯಿ ತೆರೆಯುತ್ತದೆ. ಇ, ಉ ಇದ್ದರೆ ದನಿ ಹಿಂಡಿದಂತಾಗುತ್ತದೆ. ಒತ್ತಕ್ಷರದ ಮೇಲೆ ಸ್ವರ ಹಿಡಿಯಲಾಗದು. ‘ಬಂದಾನೇ’ ಎಂಬಲ್ಲಿ ಎಷ್ಟು ಬೇಕಾದರೂ ನಿಲ್ಲಬಹುದು, ‘ಇಲ್ಲ’ದಲ್ಲಿ ನಿಲ್ಲಲಾಗುವುದಿಲ್ಲ. ಅದು ಕಡಿದುಕೊಳ್ಳುತ್ತದೆ. ಆದರೆ ಆ ಕಡಿತವನ್ನೇ ಬಳಸಿಕೊಳ್ಳಬಹುದು: ಉದ್ದ ಸಾಲಿನ ತುದಿಗೆ ಒಂದು ಗಿಡ್ಡ ‘ಇಲ್ಲ’ ಇಟ್ಟು, ಅಲ್ಲೇ ಎರಡು ಪೆಟ್ಟು ವಾದ್ಯವನ್ನೂ ನಿಲ್ಲಿಸಿ. ಪದದ ಮೊದಲ ಅಕ್ಷರ ತಾಳದ ಪೆಟ್ಟಿಗೆ ಬೀಳಲಿ, ಇಲ್ಲದಿದ್ದರೆ ಪದ ಒಡೆದು ಬೇರೆಯೇ ಕೇಳಿಸುತ್ತದೆ.

ಪಾಠದ ವಾಸನೆ ಬರುವುದು ಪದಗಳಿಂದ. ‘ಅಗಲಿಕೆ’, ‘ವೇದನೆ’, ‘ಶೂನ್ಯ’ ಇವನ್ನೆಲ್ಲ ಹೊಡೆದು ಹಾಕಿ. ಸಾವಿನ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಉಂಡು ಹೋಗಬಾರದಿತ್ತಾ’ ಅನ್ನುತ್ತಾರೆ, ‘ಚಪ್ಪಲಿ ಬಾಗಿಲಲ್ಲೇ ಇದೆಯಲ್ಲೋ’ ಅನ್ನುತ್ತಾರೆ. ನಾಲ್ಕು ಸಾಲಿಗೆ ಒಂದಾದರೂ ಕೈಗೆ ಸಿಗುವ ವಸ್ತು ಇರಲಿ.

ಪ್ರಶ್ನೆ: ಹಾಡು ಮುಗಿದ ತಕ್ಷಣ ಚಪ್ಪಾಳೆ ಬಿದ್ದು ವಾತಾವರಣ ಹಾಳಾಗುತ್ತದೆ. ತಪ್ಪಿಸುವುದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಕಂಪನಿ ನಾಟಕಗಳ ಕಾಲದಲ್ಲಿ ಶೋಕಗೀತೆಗೂ ‘ಒನ್ಸ್ ಮೋರ್’ ಕೂಗು ಬೀಳುತ್ತಿತ್ತು, ಸತ್ತ ಮಗನ ಪಕ್ಕ ಕೂತ ತಾಯಿ ಎದ್ದು ಮತ್ತೊಮ್ಮೆ ಹಾಡುತ್ತಿದ್ದಳು. ನಿಮ್ಮದು ಅಷ್ಟು ಕೆಟ್ಟಿಲ್ಲ.

ಚಪ್ಪಾಳೆಯನ್ನು ಕರೆಯುವುದು ನಾವೇ. ಕೊನೆಯ ಸ್ವರ ಷಡ್ಜಕ್ಕೆ ಬಂದು ಕೂತು, ತಬಲಾದವರು ಮುಕ್ತಾಯದ ಪೆಟ್ಟು ಕೊಟ್ಟು, ದೀಪ ಆರಿದರೆ ಜನ ಇನ್ನೇನು ಮಾಡಬೇಕು? ಕೊನೆಯ ಸಾಲನ್ನು ರಿಷಭದ ಮೇಲೋ ಪಂಚಮದ ಮೇಲೋ ಬಿಡಿ, ಪೆಟ್ಟು ಬೇಡ, ದೀಪ ಹಾಗೇ ಇರಲಿ, ಎರಡು ಸೆಕೆಂಡಿನೊಳಗೆ ಇನ್ನೊಂದು ಪಾತ್ರ ಮಾತು ಶುರುಮಾಡಲಿ.

ಹಾಡೇ ಬೇಡ ಎಂಬ ಹಾದಿಯೂ ಇದೆ. 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಸಾಯುತ್ತಿರುವ ಟೋನಿಯನ್ನು ತೊಡೆಯ ಮೇಲಿಟ್ಟುಕೊಂಡು ಮರಿಯಾ ಅವರಿಬ್ಬರ ಹಳೆಯ ಹಾಡನ್ನು ವಾದ್ಯವಿಲ್ಲದೆ ಎತ್ತಿಕೊಳ್ಳುತ್ತಾಳೆ, ಅದು ಪೂರ್ತಿಯಾಗುವುದಿಲ್ಲ. ಆಮೇಲೆ ಅವಳು ಪಿಸ್ತೂಲು ಹಿಡಿದು, ಹೊಡೆದಾಡಿಕೊಂಡ ಎರಡೂ ಗುಂಪಿನವರಿಗೆ ಹೇಳುವ ಮಾತಿಗೆ ಸಂಗೀತವೇ ಇಲ್ಲ. ಅಲ್ಲೊಂದು ದೊಡ್ಡ ಹಾಡು ಬರಬೇಕಿತ್ತು. ಸಂಗೀತ ಕೊಟ್ಟ ಲಿಯೊನಾರ್ಡ್ ಬರ್ನ್‌ಸ್ಟೈನ್ ಮತ್ತೆ ಮತ್ತೆ ಪ್ರಯತ್ನಿಸಿ, ಆಗದೆ, ನಾಟಕದ ಮಾತು ಬರೆದ ಆರ್ಥರ್ ಲಾರೆಂಟ್ಸ್ ಹಾಡಿಗೆ ಕರಡಾಗಿ ಬರೆದುಕೊಟ್ಟಿದ್ದ ಗದ್ಯವನ್ನು ಹಾಗೆಯೇ ಉಳಿಸಿಕೊಂಡರು. ಅಲ್ಲಿಯವರೆಗೆ ನುಡಿಯುತ್ತ ಬಂದ ವಾದ್ಯಮೇಳ ಅಲ್ಲಿ ಸುಮ್ಮನಾಗುತ್ತದೆ, ಚಪ್ಪಾಳೆಗೆ ಕೈ ಎತ್ತುವವರು ಯಾರೂ ಇರುವುದಿಲ್ಲ.