ಎಳೆಗೂಸಿಗೆ ಹಸಿರು ವಾಂತಿ, ಎಕ್ಸ್-ರೇ ನಾರ್ಮಲ್: ಮತ್ತೆ ಡೈ ಟೆಸ್ಟ್ ಯಾಕೆ?

ಹನ್ನೆರಡು ದಿನದ ಮಗು ಎರಡು ಸಲ ಹಸಿರಾಗಿ ವಾಂತಿ ಮಾಡಿದೆ, ಎಕ್ಸ್-ರೇ ನಾರ್ಮಲ್ ಬಂದಿದೆ, ಆದರೂ ಡಾಕ್ಟರು ಡೈ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಹಾಕಿ ನೋಡಬೇಕು ಅಂತಿದ್ದಾರೆ, ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕು, ಅದೂ ಇವತ್ತೇ.

ಕಕ್ಕಿದ ಹಾಲು ಬೆಳ್ಳಗಿದ್ದರೆ ಮಾತು ಬೇರೆ. ಪಾಚಿ ಹಸಿರಾದರೆ ಅದು ಪಿತ್ತ. ಅಂದರೆ ಅಡಚಣೆ ಪಿತ್ತನಾಳ ಕರುಳಿಗೆ ಸೇರುವ ಜಾಗದಿಂದ ಕೆಳಗೆ ಇರಬಹುದು. ನಾವು ಹೆದರುವುದು ಮಾಲ್‌ರೊಟೇಶನ್‌ಗೆ. ಗರ್ಭದಲ್ಲಿ ಕರುಳು 270 ಡಿಗ್ರಿ ತಿರುಗಿ ಅಗಲವಾದ ಬುಡದ ಮೇಲೆ ಕೂರಬೇಕು. ಅದು ಪೂರ್ತಿಯಾಗದಿದ್ದರೆ ಬುಡ ಕಿರಿದಾಗಿ ಸಣ್ಣಕರುಳು ತನ್ನದೇ ರಕ್ತನಾಳದ ಸುತ್ತ ಹಗ್ಗದಂತೆ ಹೊಸೆದುಕೊಳ್ಳಬಹುದು. ಆಮೇಲೆ ಕರುಳನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ಹೊಸೆದ ಆರಂಭದಲ್ಲಿ ಎಕ್ಸ್-ರೇಯಲ್ಲಿ ಗಾಳಿ ಎಂದಿನಂತೆಯೇ ಕಾಣಬಹುದು. ಆ ನಾರ್ಮಲ್ ರಿಪೋರ್ಟನ್ನು ನಂಬಿ ಮನೆಗೆ ಹೋಗಬಾರದು.

ಅಲ್ಟ್ರಾಸೌಂಡ್ ಮೊದಲು ಮಾಡಬಹುದು. ಕರುಳಿನ ಮುಖ್ಯ ಅಭಿಧಮನಿ ಅಪಧಮನಿಯ ಬಲಕ್ಕಿರಬೇಕು. ಅದು ಎಡಕ್ಕಿದ್ದರೆ ಅನುಮಾನ, ಅಪಧಮನಿಯ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುಳಿಯಂತೆ ಸುತ್ತಿದ್ದರೆ ಸರ್ಜನ್‌ಗೆ ಆಗಲೇ ಫೋನ್ ಹೋಗಬೇಕು. ಆದರೆ ನಾಳಗಳು ಸರಿಯಾದ ಜಾಗದಲ್ಲಿದ್ದೂ ಮಾಲ್‌ರೊಟೇಶನ್ ಇರಬಹುದು. ಗಾಳಿ ತುಂಬಿದ ಹೊಟ್ಟೆಯಲ್ಲಿ ನಾಳಗಳೇ ಕಾಣದೆಯೂ ಹೋಗಬಹುದು.

ಅದಕ್ಕೇ ಡೈ. ಮೂಗಿನ ನಳಿಕೆಯಿಂದಲೋ ಬಾಟಲಿಯಿಂದಲೋ ಸ್ವಲ್ಪ ಸ್ವಲ್ಪವೇ ಕೊಟ್ಟು, ಮಗುವನ್ನು ಬಲಮಗ್ಗುಲಿಗೆ ಮಲಗಿಸುತ್ತೇವೆ. ಡೈ ಜಠರ ದಾಟಿದ ಕೂಡಲೇ ಅಂಗಾತ ತಿರುಗಿಸಿ, ಡ್ಯುಯೋಡಿನಮ್ (ಸಣ್ಣಕರುಳಿನ ಮೊದಲ ಭಾಗ) ಮುಗಿದು ಜೆಜುನಮ್ (ಅದರ ಮುಂದಿನ ಭಾಗ) ಶುರುವಾಗುವ ತಿರುವನ್ನು ಹಿಡಿಯುತ್ತೇವೆ. ಅದು ಬೆನ್ನೆಲುಬಿನ ಎಡಕ್ಕೆ, ಹೆಚ್ಚುಕಮ್ಮಿ ಜಠರದಿಂದ ಕರುಳಿಗೆ ತೆರೆಯುವ ಬಾಗಿಲಿನ ಎತ್ತರದಲ್ಲಿರಬೇಕು. ಕೆಳಗೆ ಅಥವಾ ಬಲಕ್ಕೆ ಇಳಿದಿದ್ದರೆ ಮಾಲ್‌ರೊಟೇಶನ್. ಬಿರಡೆ ತೆಗೆಯುವ ಸ್ಕ್ರೂನಂತೆ ಸುರುಳಿ ಕಂಡರೆ ಕರುಳು ಹೊಸೆದಿದೆ.

ಎಡವುವುದು ಇಲ್ಲಿಯೇ. ಡೈ ಜಾಸ್ತಿ ಸುರಿದರೆ ತುಂಬಿದ ಜಠರ ಆ ತಿರುವನ್ನೇ ಮುಚ್ಚುತ್ತದೆ. ಮಗು ಒಂದಿಷ್ಟು ವಾರೆಯಾಗಿ ಮಲಗಿದರೂ ಎಡ-ಬಲ ಸುಳ್ಳಾಗುತ್ತದೆ. ಮೊದಲ ಸಲ ಹಾದುಹೋಗುವಾಗ ಚಿತ್ರ ತಪ್ಪಿತೋ, ಮುಂದೆ ಜೆಜುನಮ್ ತುಂಬಿ ಎಲ್ಲ ಒಂದರ ಮೇಲೊಂದು ಬೀಳುತ್ತದೆ. ಉಬ್ಬಿದ ಕರುಳು, ಗಡುಸಾದ ನಳಿಕೆ ಕೂಡ ತಿರುವನ್ನು ಜಾಗ ಬಿಡಿಸುತ್ತವೆ. ಡೈ ಶ್ವಾಸಕೋಶಕ್ಕೆ ಹೋಗುವ ಭಯವಿರುವ ಮಗುವಿಗೆ ಸಾಂದ್ರತೆ ಹೆಚ್ಚಿರುವ ಅಯೋಡಿನ್ ಡೈ ಬೇಡ. ಅದು ಶ್ವಾಸಕೋಶಕ್ಕೆ ನೀರು ಎಳೆಯುತ್ತದೆ.

ವಿಕಿರಣದ ಚಿಂತೆ ಸಹಜ. ಬಿಟ್ಟು ಬಿಟ್ಟು ಬರುವ ಪಲ್ಸ್ ಕಿರಣ, ಗ್ರಿಡ್ (ಚದುರಿದ ಕಿರಣ ಸೋಸುವ ಜಾಲರಿ) ತೆಗೆದು, ಬೇಕಾದಷ್ಟೇ ಜಾಗಕ್ಕೆ ಬಿಟ್ಟರೆ ಪ್ರಮಾಣ ತೀರಾ ಕಡಿಮೆ.

ಪರೀಕ್ಷೆಯವರೆಗೆ ಹಾಲು ನಿಲ್ಲಿಸಿ, ಡ್ರಿಪ್ ಹಾಕಿಸಿ, ಹಸಿರು ಕಲೆಯ ಬಟ್ಟೆಯನ್ನು ಒಗೆಯದೆ ತಂದು ತೋರಿಸಿ. ಈ ನಡುವೆ ಹೊಟ್ಟೆ ಬಿಗಿಯಾದರೆ, ಮಲದಲ್ಲಿ ರಕ್ತ ಬಂದರೆ, ಮಗು ಬಿಳಿಚಿಕೊಂಡು ಸುಸ್ತಾದರೆ ಡೈಗೂ ಕಾಯುವ ಹಾಗಿಲ್ಲ, ನೇರ ಆಪರೇಷನ್ ಥಿಯೇಟರ್.